ಚರ್ಚಿಲ್ ಈ ಮಾತನ್ನು ಎಲ್ಲಿ, ಯಾವತ್ತು ಹೇಳಿದ?

ಮಾನ್ಯ ಸಂಪಾದಕರೇ,

ನಿಮ್ಮ ಸ್ವಾತಂತ್ರ್ಯ ದಿನದ ಪುರವಣಿಯ ಲೇಖನವೊಂದರಲ್ಲಿ ವಿನ್‌ಸ್ಟನ್ ಚರ್ಚಿಲ್ ಹೆಸರಿನ ಆ ಹಳೇ ಮಾತು ಮತ್ತೆ ಕಾಣಿಸಿಕೊಂಡಿದೆ. ‘ಅಧಿಕಾರ ಪುಂಡರು, ಪೋಕರಿಗಳು, ಲೂಟಿಕೋರರ ಕೈಗೆ ಹೋಗುತ್ತದೆ, ಮುಂದೊಂದು ದಿನ ಭಾರತದಲ್ಲಿ ಗಾಳಿಗೂ ನೀರಿಗೂ ತೆರಿಗೆ ಬೀಳುತ್ತದೆ’ ಅನ್ನುವ ಮಾತು. 1947ರಲ್ಲಿ ಬ್ರಿಟಿಷ್ ಸಂಸತ್ತಿನಲ್ಲಿ ಹೇಳಿದ್ದು ಅಂತ ಲೇಖಕರು ಬರೆದಿದ್ದಾರೆ. ‘ಭವಿಷ್ಯ ನಿಜವಾಯಿತು ನೋಡಿ’ ಅಂತಲೂ ಸೇರಿಸಿದ್ದಾರೆ. ವಾಟ್ಸ್ಆ್ಯಪ್‌ನಲ್ಲಿ ಇದು ಬಂದರೆ ಸುಮ್ನೆ ಅಳಿಸಿಬಿಡಬಹುದು. ಪತ್ರಿಕೆಯಲ್ಲಿ ಅಚ್ಚಾದರೆ ಕತೆ ಬೇರೆ. ನಾಳೆ ಯಾರೋ ಭಾಷಣ ಸ್ಪರ್ಧೆಯ ಮಗುವಿಗೆ ಇದನ್ನೇ ಬರೆದುಕೊಡುತ್ತಾರೆ. ಕೇಳಿದರೆ ‘ಪೇಪರಿನಲ್ಲೇ ಬಂದಿತ್ತಲ್ಲ’ ಅಂತಾರೆ.

ಬ್ರಿಟಿಷ್ ಸಂಸತ್ತಿನಲ್ಲಿ ಆಡಿದ ಮಾತನ್ನು ಹುಡುಕುವುದು ಈಗ ಕಷ್ಟವೇನಲ್ಲ. ಅಲ್ಲಿನ ಸದನದ ನಡಾವಳಿಗೆ ಹ್ಯಾನ್‌ಸಾರ್ಡ್ ಅಂತ ಹೆಸರು. ಸದಸ್ಯರ ಹೆಸರು, ದಿನಾಂಕ ಹಾಕಿದರೆ ಮೊಬೈಲಿನಲ್ಲೇ ಪುಟ ತೆರೆಯುತ್ತದೆ. ಪುಂಡರು-ಪೋಕರಿಗಳ ಮಾತು ಅದರಲ್ಲಿ ಇಲ್ಲ. ಚರ್ಚಿಲ್ ಮಾತುಗಳ ಮೂಲ ಹುಡುಕುವುದನ್ನೇ ಕಸುಬು ಮಾಡಿಕೊಂಡವರಿಗೂ ಅದು ಸಿಕ್ಕಿಲ್ಲ.

ಸಿಗುವುದು 1947ರ ಮಾರ್ಚ್ 6ರ ಭಾಷಣ. 1948ರ ಜೂನ್ ಒಳಗೆ ಭಾರತ ಬಿಟ್ಟು ಹೊರಡುತ್ತೇವೆ ಅಂತ ಪ್ರಧಾನಿ ಆಟ್ಲಿ ಆಗಷ್ಟೇ ಘೋಷಿಸಿದ್ದರು. ಚರ್ಚಿಲ್ ಆಗ ವಿರೋಧ ಪಕ್ಷದ ನಾಯಕ. ಭಾರತದ ರಾಜಕೀಯ ವರ್ಗ ಅನ್ನಿಸಿಕೊಂಡವರು ಹುಲ್ಲಿನ ಬೊಂಬೆಗಳು, ಅಂಥವರ ಕೈಗೆ ಸರ್ಕಾರ ಒಪ್ಪಿಸುತ್ತಿದ್ದೇವೆ, ಕೆಲವೇ ವರ್ಷಗಳಲ್ಲಿ ಅವರ ಸುಳಿವೂ ಉಳಿಯುವುದಿಲ್ಲ ಎಂದು ಆತ ಹೇಳಿದ್ದು ಅಲ್ಲಿ ಅಚ್ಚಾಗಿದೆ. ಈ ಮಾತು ಒಂದಿಷ್ಟೂ ನಿಜವಾಗಲಿಲ್ಲ. ಆ ಹುಲ್ಲಿನ ಬೊಂಬೆಗಳಲ್ಲಿ ಒಬ್ಬರಾದ ನೆಹರು 1964ರವರೆಗೆ ಪ್ರಧಾನಿಯಾಗಿದ್ದರು. ನೋಡಿ, ಸುಳ್ಳು ಮಾತು ಚರ್ಚಿಲ್‌ನನ್ನು ಕಾಲಜ್ಞಾನಿ ಮಾಡಿದೆ. ದಾಖಲೆಯಲ್ಲಿರುವ ಮಾತಿನಲ್ಲಿ ಆತನ ಲೆಕ್ಕಾಚಾರ ಪೂರ್ತಿ ತಪ್ಪಿದೆ. ಅಲ್ಲದೆ ಗಾಳಿ-ನೀರಿನ ತೆರಿಗೆ ಅನ್ನುವುದು ಇವತ್ತಿನ ನಮ್ಮ ಗೊಣಗಾಟದ ಹಾಗೇ ಇದೆ, ಅಲ್ವಾ? ಹಳೇ ಕಾಲದ ಮಾತೊಂದು ನಮ್ಮ ಈಗಿನ ಸಿಟ್ಟಿಗೆ ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತರೆ ನನಗಂತೂ ಮೊದಲು ಅನುಮಾನ ಬರುತ್ತದೆ.

ಇದನ್ನು ಹೇಳಿದಾಗಲೆಲ್ಲ ಬರುವ ಉತ್ತರ ಒಂದೇ: ‘ಅಂಥ ಮನುಷ್ಯ, ಹೇಳಿರ್ತಾನೆ ಬಿಡಿ.’ ಚರ್ಚಿಲ್‌ಗೆ ಭಾರತದ ಮೇಲೆ ಎಂಥ ತಾತ್ಸಾರ ಇತ್ತು ಅಂತ ತೋರಿಸಲು ಕಟ್ಟುಕತೆ ಯಾಕೆ ಬೇಕು? 1931ರ ಫೆಬ್ರವರಿ 23ರಂದು ಇಂಗ್ಲೆಂಡಿನ ಎಪ್ಪಿಂಗ್‌ನಲ್ಲಿ ಮಾಡಿದ ಭಾಷಣದಲ್ಲೇ ಗಾಂಧೀಜಿಯನ್ನು ಅರೆಬೆತ್ತಲೆ ಫಕೀರನ ವೇಷದವರು ಅಂತ ಹಂಗಿಸಿದ್ದಾನೆ. ಮುಂದಿನ ತಿಂಗಳು ಲಂಡನ್ನಿನಲ್ಲಿ ಮಾಡಿದ ಭಾಷಣದಲ್ಲಿ, ಭಾರತ ಅನ್ನುವುದು ಭೂಪಟದ ಮೇಲಿನ ಹೆಸರಷ್ಟೇ, ಸಮಭಾಜಕ ವೃತ್ತ ಎಷ್ಟು ದೇಶವೋ ಅದೂ ಅಷ್ಟೇ ದೇಶ ಅಂದಿದ್ದಾನೆ. ಈ ಭಾಷಣಗಳನ್ನು ಅದೇ ವರ್ಷ ಸ್ವತಃ ಪುಸ್ತಕ ಮಾಡಿ ಅಚ್ಚು ಹಾಕಿಸಿದ. ಇದಕ್ಕಿಂತ ಗಟ್ಟಿ ಆಧಾರ ಬೇಕೇ?

ಕಷ್ಟ ಬರುವುದು ಬಾಗಿಲು ಹಾಕಿಕೊಂಡು ಆಡಿದ ಮಾತುಗಳಲ್ಲಿ. ‘ನನಗೆ ಭಾರತೀಯರನ್ನು ಕಂಡರಾಗದು, ಮೃಗದಂಥ ಜನ, ಮೃಗದಂಥ ಧರ್ಮ’ ಅನ್ನುವ ಮಾತು ಎಲ್ಲರಿಗೂ ಗೊತ್ತು. ಇದರ ಮೂಲ ಲಿಯೊ ಏಮರಿಯ ಡೈರಿ. ಭಾರತದ ವ್ಯವಹಾರ ನೋಡಿಕೊಳ್ಳುತ್ತಿದ್ದ ಬ್ರಿಟಿಷ್ ಮಂತ್ರಿ ಆತ, ಹುಟ್ಟಿದ್ದು ನಮ್ಮ ಗೋರಖಪುರದಲ್ಲಿ. 1942ರ ಸೆಪ್ಟೆಂಬರ್‌ನಲ್ಲಿ, ಕ್ವಿಟ್ ಇಂಡಿಯಾ ಚಳವಳಿ ಕಾವೇರಿದ್ದಾಗ, ಚರ್ಚಿಲ್ ಜೊತೆ ಮಾತಾಡಿದ ಮೇಲೆ ಬರೆದುಕೊಂಡಿದ್ದು. ಡೈರಿ ಅಚ್ಚಾದದ್ದು 1988ರಲ್ಲಿ. ಅಷ್ಟರಲ್ಲಿ ಇಬ್ಬರೂ ತೀರಿಕೊಂಡು ದಶಕಗಳಾಗಿದ್ದವು.

ಇದನ್ನು ನಂಬಬೇಕೋ ಬೇಡವೋ? ನಾನು ನಂಬುತ್ತೇನೆ. ಏಮರಿ ಚರ್ಚಿಲ್‌ನ ಶತ್ರು ಆಗಿರಲಿಲ್ಲ. ಇಬ್ಬರದೂ ಒಂದೇ ಶಾಲೆ, ಒಂದೇ ಪಕ್ಷ. 1940ರ ಮೇ ತಿಂಗಳಲ್ಲಿ ಆಗಿನ ಪ್ರಧಾನಿ ಚೇಂಬರ್ಲೇನ್ ಕುರ್ಚಿ ಬಿಟ್ಟು ಇಳಿಯಲೇಬೇಕು ಅಂತ ಸದನದಲ್ಲಿ ಗುಡುಗಿ ಚರ್ಚಿಲ್‌ಗೆ ದಾರಿ ಮಾಡಿಕೊಟ್ಟವರಲ್ಲಿ ಈತನೂ ಒಬ್ಬ. ಸಾಮ್ರಾಜ್ಯದ ಮೇಲೆ ಈತನಿಗೂ ಪ್ರೀತಿ ಜಾಸ್ತಿಯೇ ಇತ್ತು. ಅಂಥವನು ತನ್ನ ಡೈರಿಯಲ್ಲಿ, ಆಗಿಂದಾಗಲೇ ಬರೆದಿಟ್ಟದ್ದಕ್ಕೆ ತೂಕ ಇದೆ. ಹಾಗಂತ ಆತ ಪಕ್ಕದಲ್ಲಿ ಕೂತು ಶೀಘ್ರಲಿಪಿಯಲ್ಲಿ ಬರೆದುಕೊಂಡಿಲ್ಲ. ಕೇಳಿದ ಕಿವಿ ಒಂದೇ. ಭಾವ ಇದೇ ಅಂತ ಹೇಳಬಹುದು, ಪ್ರತಿ ಪದವೂ ಹೀಗೇ ಇತ್ತು ಅನ್ನಲಾಗದು. ಹಾಗಾಗಿ ‘ಏಮರಿ ಡೈರಿಯಲ್ಲಿ ಬರೆದಿರುವಂತೆ’ ಅನ್ನುವ ಮೂರು ಪದ ಮುಂದೆ ಇರಲೇಬೇಕು. ನಮ್ಮ ಲೇಖನಗಳಲ್ಲಿ ಮೊದಲು ಉದುರಿಹೋಗುವುದು ಆ ಮೂರು ಪದಗಳೇ.

ಇನ್ನೊಂದು ಚಾಳಿ ಇದೆ. ಮೇಲಿನ ಮಾತಿನ ಬಾಲಕ್ಕೆ ‘ಬರಗಾಲ ಅವರದೇ ತಪ್ಪು, ಮೊಲಗಳ ಹಾಗೆ ಹೆರುತ್ತಾರೆ’ ಅಂತ ಜೋಡಿಸಿ, ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದ ಹಾಗೆ ಹಾಕುತ್ತಾರೆ. 1942ರ ಸೆಪ್ಟೆಂಬರ್‌ನಲ್ಲಿ ಬಂಗಾಳದ ಬರಗಾಲ ಇನ್ನೂ ಬಂದೇ ಇರಲಿಲ್ಲ! ಮೊಲದ ಮಾತು ಬರುವುದು 1943ರ ನವೆಂಬರ್‌ನಲ್ಲಿ, ಏಮರಿ ತನ್ನ ಧಾಟಿಯಲ್ಲಿ ಸಂಗ್ರಹಿಸಿ ಬರೆದ ಒಂದು ಸಾಲಿನಲ್ಲಿ. ಎರಡೂ ಬೇರೆ ಬೇರೆಯಾಗಿ ನಿಲ್ಲುತ್ತವೆ. ಹೊಲಿದು ಒಂದು ಮಾಡಿದರೆ ಅದು ಯಾರೂ ಆಡದ ಮಾತು. ಚರ್ಚಿಲ್ ಪರ ವಾದಿಸುವವರು ಈ ಹೊಲಿಗೆಯನ್ನೇ ಹಿಡಿದು ಎಳೆಯುತ್ತಾರೆ. ಇಡೀ ಡೈರಿಯೇ ಸುಳ್ಳು ಅನ್ನುವಷ್ಟು ದೂರ ಹೋಗುತ್ತಾರೆ.

ಡೈರಿಗೆ ಡೈರಿ ತಾಳೆ ನೋಡಲು ವೈಸ್‌ರಾಯ್ ವೇವೆಲ್ ಇದ್ದಾರೆ. ಗಾಂಧೀಜಿ ಇನ್ನೂ ಯಾಕೆ ಸತ್ತಿಲ್ಲ ಅಂತ ಚರ್ಚಿಲ್ ಸಿಡುಕಿನ ತಂತಿ ಕಳಿಸಿದ್ದಾನೆ, ಆಹಾರದ ಬಗ್ಗೆ ತಾನು ಕಳಿಸಿದ ತಂತಿಗೆ ಮಾತ್ರ ಉತ್ತರವೇ ಇಲ್ಲ ಎಂದು 1944ರ ಜುಲೈನಲ್ಲಿ ಅವರು ಬರೆದುಕೊಂಡಿದ್ದಾರೆ. ಅವರನ್ನು ಆ ಹುದ್ದೆಗೆ ಕಳಿಸಿದ್ದೂ ಚರ್ಚಿಲ್ ಸರ್ಕಾರವೇ.

ಚರ್ಚಿಲ್ ಒಬ್ಬನದೇ ಕತೆಯಲ್ಲ. ‘ಭಾರತದ ಉದ್ದಗಲ ಸುತ್ತಿದೆ, ಒಬ್ಬ ಭಿಕ್ಷುಕನೂ ಕಾಣಲಿಲ್ಲ’ ಅಂತ 1835ರ ಫೆಬ್ರವರಿ 2ರಂದು ಬ್ರಿಟಿಷ್ ಸಂಸತ್ತಿನಲ್ಲಿ ಮೆಕಾಲೆ ಹೇಳಿದ ಅನ್ನುವುದೂ ಇದೇ ಜಾತಿ. ಆ ದಿನ ಆತ ಇದ್ದದ್ದು ಭಾರತದಲ್ಲಿ. ಅದೇ ತಾರೀಖಿನ ಶಿಕ್ಷಣ ಟಿಪ್ಪಣಿಯಲ್ಲಿ, ಯುರೋಪಿನ ಒಳ್ಳೆಯ ಗ್ರಂಥಾಲಯದ ಒಂದು ಕಪಾಟಿಗೆ ನಮ್ಮ ಇಡೀ ಸಾಹಿತ್ಯ ಸಮ ಅಲ್ಲ ಎಂದು ಬರೆದದ್ದು ಮಾತ್ರ ಅಪ್ಪಟ ನಿಜ. ಅವನು ಹಿಂದಿನ ವರ್ಷ ಮದರಾಸಿನಲ್ಲಿಳಿದು ಬೆಂಗಳೂರು, ಶ್ರೀರಂಗಪಟ್ಟಣ, ಮೈಸೂರಿನ ಮೇಲೆ ಊಟಿಗೆ ಪಲ್ಲಕ್ಕಿಯಲ್ಲಿ ಹೋಗಿದ್ದ. ಅದೇ ಉದ್ದಗಲ ಅನ್ನುವುದಾದರೆ ಅನ್ನಬಹುದು!

ಸೈನ್ಯದಲ್ಲಿದ್ದಾಗ ಚರ್ಚಿಲ್ ನಮ್ಮ ಬೆಂಗಳೂರಿನಲ್ಲೂ ಇದ್ದ. ಬೆಂಗಳೂರು ಕ್ಲಬ್‌ನ 1899ರ ಪುಸ್ತಕದಲ್ಲಿ ಬಾಕಿದಾರರ ಪಟ್ಟಿಯಲ್ಲಿ ಆತನ ಹೆಸರಿದೆ, ಮುಂದೆ 13 ರೂಪಾಯಿ. ಹದಿಮೂರು ರೂಪಾಯಿಗೇ ಪುಟ ತೋರಿಸಬಹುದಾದರೆ, ಸಂಸತ್ತಿನಲ್ಲಿ ಗುಡುಗಿದ ಅನ್ನುವ ಮಾತಿಗೂ ಪುಟ ಕೇಳುವುದು ಅತಿಯಾಗಲಾರದು.

ಆ ಲೇಖನಕ್ಕೆ ದಯವಿಟ್ಟು ತಿದ್ದುಪಡಿ ಹಾಕಿ. ಹಾಕುವಾಗ 1947ರ ಮಾರ್ಚ್ 6ರ ಮಾತನ್ನು ದಿನಾಂಕದ ಸಮೇತ ಹಾಕಿ. ‘ಭವಿಷ್ಯ ನಿಜವಾಯಿತು’ ಅನ್ನುವ ಸಾಲನ್ನು ಅದರ ಕೆಳಗೆ ಉಳಿಸಿಕೊಳ್ಳಬೇಕೋ ಬೇಡವೋ ಅಂತ ಲೇಖಕರೇ ನಿರ್ಧರಿಸಲಿ.

ಇತಿ ನಿಮ್ಮ,
ಒಬ್ಬ ಹಳೆಯ ಓದುಗ, ಮೈಸೂರು