ಸೀನನಿಗೊಂದು ಪತ್ರ: ಕುದುರೆ ಬಿಟ್ಟುಕೊಟ್ಟವನ ಕಥೆ

ಸೀನ,

"ಮಂಡಿ ಕೈಕೊಟ್ಟಿದೆ ಕಣೋ, ಈ ಸಲ ನನ್ನ ಬ್ಯಾಟಲ್ಲಿ ನೀನೇ ಆಡು" ಅಂತ ಮೊನ್ನೆ ಫೋನಿನಲ್ಲಿ ಅಂದೆಯಲ್ಲ, ಅವತ್ತಿಂದ ನನ್ನ ತಲೆಯಲ್ಲಿ ಫ್ರ್ಯಾಂಕ್ ಫರ್ಲಾಂಗ್ ಕೂತುಬಿಟ್ಟಿದ್ದಾನೆ. ಹೌದು, ಹೆಸರೇ ಫರ್ಲಾಂಗ್. ಕುದುರೆ ಓಡಿಸುವವನಿಗೆ ಹೇಳಿ ಮಾಡಿಸಿದ ಹೆಸರು!

ಬೆಂಗಳೂರಿನ ರೇಸ್ ಕೋರ್ಸ್‌ನಲ್ಲಿ ನಾವು ಕಂಡದ್ದು ಬರೀ ಓಟ. ಲಿವರ್‌ಪೂಲಿನ ಏಂಟ್ರಿಯಲ್ಲಿ ನಡೆಯುವ ಗ್ರ್ಯಾಂಡ್ ನ್ಯಾಷನಲ್ ಹಾಗಲ್ಲ. ಫರ್ಲಾಂಗನ ಕಾಲದಲ್ಲಿ ಅದು ಏಳು ಕಿಲೋಮೀಟರಿಗೂ ಮೀರಿದ ದೂರ. ದಾರಿಯಲ್ಲಿ 30 ಸಲ ಬೇಲಿ, ಹಳ್ಳ ಹಾರಬೇಕು. ಬಿದ್ದರೆ ಹಿಂದಿನಿಂದ ಬರುವ ಗೊರಸುಗಳ ನಡುವೆ ಬಿದ್ದಂತೆ. ಅಂಥದ್ದನ್ನು ಸಂಬಳವಿಲ್ಲದೆ, ಬರೀ ಹುಚ್ಚಿಗೆ ಓಡಿಸುವ ಹವ್ಯಾಸಿಗಳೂ ಇದ್ದರು. ಅವರಲ್ಲಿ ಸೈನ್ಯದ ಅಧಿಕಾರಿಗಳು ಬಹಳ.

ಫರ್ಲಾಂಗನೂ ಅವನ ಗೆಳೆಯ ಫುಲ್ಕ್ ವಾಲ್ವಿನ್ನನೂ ಒಂಬತ್ತನೇ ಲ್ಯಾನ್ಸರ್ಸ್ ಎಂಬ ಅಶ್ವದಳದವರು. 1935ರಲ್ಲಿ ಫರ್ಲಾಂಗ್ ತನ್ನ ಅಪ್ಪನ ಕುದುರೆ ರೆನಾಲ್ಡ್ಸ್‌ಟೌನ್ ಹತ್ತಿ ನ್ಯಾಷನಲ್ ಗೆದ್ದ. ಎಲ್ಲರೂ ದುಡ್ಡು ಕಟ್ಟಿದ್ದು ಹಿಂದಿನ ವರ್ಷ ಗೆದ್ದಿದ್ದ ಗೋಲ್ಡನ್ ಮಿಲ್ಲರ್ ಮೇಲೆ. ಅದು ಅರ್ಧ ದಾರಿಯೊಳಗೇ ಸವಾರನನ್ನು ಕೆಡವಿತು.

ಮರುವರ್ಷ ಅದೇ ಕುದುರೆ, ಅದೇ ಓಟ. ಆದರೆ ಓಟಕ್ಕೆ ಗೊತ್ತುಮಾಡಿದ ತೂಕಕ್ಕೆ ಫರ್ಲಾಂಗನಿಗೆ ಮೈ ಇಳಿಸಲಾಗಲಿಲ್ಲ. ಗೆದ್ದ ಕುದುರೆ, ಅದೂ ಮನೆಯದು. ಜೀನಿನ ಮೇಲೆ ಕೂತದ್ದು ವಾಲ್ವಿನ್.

ಅವತ್ತು ಆದದ್ದು ಕೇಳು. ಕೊನೆಯ ಹೊತ್ತಿಗೆ ಮುಂದಿದ್ದದ್ದು ಡೇವಿ ಜೋನ್ಸ್, ಗೆದ್ದರೆ ಒಂದಕ್ಕೆ ನೂರು ಸಿಗುವ, ಗೆಲ್ಲುತ್ತದೆಂದು ಯಾರೂ ನಂಬದ ಕುದುರೆ. ಅದರ ಸವಾರ ಆಂಥನಿ ಮಿಲ್ಡ್‌ಮೇಯೂ ಹವ್ಯಾಸಿಯೇ. ಕೊನೆಗೆ ಎರಡೇ ಬೇಲಿ. ಮೊದಲನೆಯದನ್ನು ಹಾರಿಸುವಾಗ ಲಗಾಮು ಸಡಿಲ ಬಿಟ್ಟ. ಅದರ ಬಕಲ್ ಕಳಚಿಕೊಂಡಿತು. ಕುದುರೆಯನ್ನು ತಿರುಗಿಸಲು ಕೈಯಲ್ಲಿ ಏನೂ ಇಲ್ಲ. ಅದು ಕೊನೆಯ ಬೇಲಿ ಹಾರದೆ ಪಕ್ಕಕ್ಕೆ ಓಡಿಹೋಯಿತು. ದಣಿದಿದ್ದ ರೆನಾಲ್ಡ್ಸ್‌ಟೌನ್ 12 ಕುದುರೆಗಳ ಉದ್ದದಷ್ಟು ಮುಂದೆ ಗುರಿ ಮುಟ್ಟಿತು. ನನಗಂತೂ ಈಗಲೂ ಹೊಟ್ಟೆ ಉರಿಯುವುದು ಮಿಲ್ಡ್‌ಮೇಗಾಗಿ. ಒಂದು ಬಕಲ್ಲು, ಮಾರಾಯ!

ಆಮೇಲೆ ವಾಲ್ವಿನ್ ಹವ್ಯಾಸಿತನ ಬಿಟ್ಟು ವೃತ್ತಿಗಿಳಿದ. 1938ರಲ್ಲಿ ಬಿದ್ದು ತಲೆಬುರುಡೆ ಒಡೆಯಿತು, ಸವಾರಿ ಮುಗಿಯಿತು. ಲ್ಯಾಂಬರ್ನ್‌ನಲ್ಲಿ ಕುದುರೆ ಪಳಗಿಸುತ್ತ ಕೂತ. 1964ರಲ್ಲಿ ಅವನು ತಯಾರು ಮಾಡಿದ ಟೀಮ್ ಸ್ಪಿರಿಟ್ ಅದೇ ನ್ಯಾಷನಲ್ ಗೆದ್ದಿತು.

ಫರ್ಲಾಂಗ್ ಅದನ್ನು ನೋಡಲಿಲ್ಲ. ಯುದ್ಧ ಬಂದಾಗ ನೌಕಾಪಡೆಯ ವಿಮಾನದಳ ಸೇರಿ, ಆಮೇಲೆ ವಿಮಾನ ಕಂಪನಿ ಸೂಪರ್‌ಮರೀನ್‌ನಲ್ಲಿ ಹೊಸ ವಿಮಾನಗಳನ್ನು ಹಾರಿಸಿ ಪರೀಕ್ಷಿಸುವ ಪೈಲಟ್ ಆದ. 1944ರಲ್ಲಿ ಸ್ಪೈಟ್‌ಫುಲ್ ಎಂಬ ವಿಮಾನದ ಜೊತೆ ಬಿದ್ದು ಸತ್ತ.

ಗೆಳೆಯ ಗೆದ್ದು ಬಂದ ಆ ಸಂಜೆ ಇಬ್ಬರೂ ಏನು ಮಾತಾಡಿಕೊಂಡರೋ! ಒಬ್ಬನಿಗೆ ಸ್ವಲ್ಪವಾದರೂ ಹೊಟ್ಟೆಕಿಚ್ಚು ಆಗಿರಬೇಕು. ನಿನಗೂ ಆಗಲಿ, ಪರವಾಗಿಲ್ಲ, ಬೈಯಿ.

ಬ್ಯಾಟಿಗೆ ಹೊಸ ಗ್ರಿಪ್ ಹಾಕಿಸಿದ್ದೇನೆ. ಭಾನುವಾರ ಮೊದಲ ಬಾಲಿಗೇ ಔಟಾದರೆ ನಗುವುದಕ್ಕಾದರೂ ನೀನು ಅಲ್ಲಿರಬೇಕು. ಆಟೋ ನಾನೇ ಕಳಿಸುತ್ತೇನೆ, ಮೆಟ್ಟಿಲು ಮಾತ್ರ ನಿಧಾನವಾಗಿ ಇಳಿ.

ನಿನ್ನ,
ರಘು