ಬಸ್ಸು ಶೆಡ್ಡಿಂದ ಆಚೆ ಬಂತು, ಇನ್ನು ಥ್ಯಾಂಕ್ಸ್ ಹೇಳೋ ಕೆಲಸ

ಮೊನ್ನೆ ಭಾನುವಾರ ಬೆಳಗ್ಗೆ ಏಳೂಕಾಲಿಗೆ ಬಸ್ಸು ಶೆಡ್ಡಿಂದ ಆಚೆ ಬಂತು. ಯಾರೂ ತಳ್ಳಲಿಲ್ಲ, ಹಗ್ಗ ಕಟ್ಟಿ ಎಳೀಲಿಲ್ಲ, ತಾನೇ ಉಸಿರಾಡ್ಕೊಂಡು ಬಂತು. ರಿಪೇರಿಗೆ ಅಂತ ಒಳಗೆ ಹೋಗಿ ಮೂರು ವರ್ಷ ಏಳು ತಿಂಗಳಾಗಿತ್ತು. ವಿಡಿಯೋ ನೋಡಿ ತುಂಬಾ ಜನ ಮೆಸೇಜ್ ಮಾಡಿದೀರಿ, ಒಬ್ಬೊಬ್ಬರಿಗೇ ಉತ್ತರ ಬರೀತಾ ಕೂತ್ರೆ ಇನ್ನೊಂದು ಮೂರು ವರ್ಷ ಬೇಕು, ಅದಕ್ಕೇ ಒಟ್ಟಿಗೇ ಇಲ್ಲೇ ಬರೀತಿದೀನಿ.

ಹೊಸಬರಿಗೆ ಎರಡೇ ಮಾತು: ಇದು 1971ರ ಫೋಕ್ಸ್‌ವ್ಯಾಗನ್ ಟೈಪ್ 2, ಬಸ್ಸು ಅಂತ ಕರೆದ್ರೂ ವ್ಯಾನಿನಷ್ಟೇ ದೊಡ್ಡದು, ಹಿಂದೆ 1600 ಸಿಸಿ ಎಂಜಿನ್ನು, ಮುಂದೆ ಒಂದೇ ದೊಡ್ಡ ಗಾಜು. 1967ರ ತನಕ ಗಾಜು ಮಧ್ಯಕ್ಕೆ ಸೀಳಿದ ಹಾಗೆ ಎರಡು ತುಂಡು ಇರ್ತಿತ್ತು, ಇದು ಅದರ ನಂತರದ್ದು. ಬಾಕಿ ಕಥೆ, ಅಂದ್ರೆ ಎಲ್ಲಿ ಸಿಕ್ತು, ಏನೇನು ಬಿಚ್ಚಿದೆ, ಗೇರ್‌ಬಾಕ್ಸ್ ಪುರಾಣ, ಎಲ್ಲಾ ನಿಮಗೆ ಬಾಯಿಪಾಠ ಆಗೋಷ್ಟು ಕೊರೆದಿದೀನಿ. ಮತ್ತೆ ಬೇಡ.

ವೆಲ್ಡಿಂಗ್ ಕಲಿಸಿದ ಮೇಷ್ಟ್ರಿಗೆ, ಕಂಪ್ರೆಸರ್ ಕೊಟ್ಟು ಎರಡು ವರ್ಷ ವಾಪಸ್ ಕೇಳದೇ ಇದ್ದ ಆಫೀಸಿನ ಗೆಳತಿಗೆ, ಬೇರೆ ದೇಶದಿಂದ ತನ್ನ ಬಸ್ಸಿನ ಬಾಗಿಲ ಟ್ರ್ಯಾಕಿನ ಫೋಟೋನ ಟೇಪ್ ಹಿಡಿದು ಅಳತೆ ಸಮೇತ ಕಳಿಸಿದ, ಮುಖಾನೇ ನೋಡಿಲ್ಲದ ಆ ಪುಣ್ಯಾತ್ಮನಿಗೆ, ಲೇತ್ ಅಂಗಡಿಯ ಹುಡುಗರಿಗೆ, ಗ್ರೈಂಡರ್ ಸದ್ದಿಗೆ ಕಿಟಕಿ ಮುಚ್ಕೊಂಡು ಸುಮ್ಮನಿದ್ದ ಅಕ್ಕಪಕ್ಕದವರಿಗೆ, ಬಸ್ಸಿಗೆ ಬೆಂಕಿ ಹತ್ತಿದ ಆ ರಾತ್ರಿ ಬಂದ ಫೈರ್ ಎಂಜಿನ್ ಸಿಬ್ಬಂದಿಗೆ, ಎಲ್ಲರಿಗೂ ಕೈ ಮುಗಿದು ಥ್ಯಾಂಕ್ಸ್. ನಮ್ಮನೆಯವರಿಗೆ ಬೇರೆ ಹೇಳ್ತೀನಿ, ಹೀಗೆ ಬರೆದ್ರೆ ಅವರಿಗೆ ಮುಜುಗರ.

ಈ ಪಟ್ಟಿಯಲ್ಲಿ ಭಾವನ್ನ ಬಿಟ್ಟಿದೀನಿ ಅಂತ ಗೊತ್ತಾಗಿರಬೇಕು. ಬೇಕಂತಲೇ ಬಿಟ್ಟೆ.

ನಮ್ಮ ಭಾವ, ಅಂದ್ರೆ ಅಕ್ಕನ ಯಜಮಾನರು, ಜೀವನವಿಡೀ ಲೆಕ್ಕ ಬರೆದವರು. ಅಕೌಂಟ್ಸ್. ಅವರಿಗೂ ವಾಹನಕ್ಕೂ ಇದ್ದ ಸಂಬಂಧ ಅಂದ್ರೆ ಸೀಟಲ್ಲಿ ಕೂತ್ಕೊಳ್ಳೋದು ಅಷ್ಟೇ. ಬಸ್ಸು ಮನೆಗೆ ಬಂದ ದಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಬಗ್ಗಿ ನೋಡಿ, "ಇದರ ರೇಡಿಯೇಟರ್ ಯಾರೋ ಕದ್ದಿದಾರಲ್ಲಮ್ಮ" ಅಂದ್ರು. ಗಾಳಿಯಲ್ಲೇ ತಣ್ಣಗಾಗೋ ಎಂಜಿನ್ ಭಾವ, ಇದಕ್ಕೆ ರೇಡಿಯೇಟರ್ರೇ ಇಲ್ಲ, ನೀರೇ ಬೇಡ ಅಂತ ಹೇಳಿ ನಾನು ಹೊಟ್ಟೆ ಹಿಡ್ಕೊಂಡು ನಕ್ಕೆ. ಅವರು ನಗಲಿಲ್ಲ. "ಗುಜರಿಗೆ ಹಾಕೋ ಸಾಮಾನು ಗುಜರಿಯಿಂದ ತರ್ತಾರಾ ಯಾರಾದ್ರೂ" ಅಂತ ಅಕ್ಕನ ಹತ್ರ ಹೇಳಿದ್ರಂತೆ. ಅಂದ್ರೆ ಇವರು ಮೊದಲಿಂದ ನನ್ನ ಪಾರ್ಟಿ ಅಲ್ಲ, ಅದು ನೆನಪಿರಲಿ.

ಇನ್ನೊಂದು ವಿಷಯ, ಭಾವ ಅಕ್ಕನ್ನ ಮದುವೆಯಾದಾಗ ನಾನು ಎಂಟನೇ ಕ್ಲಾಸು, ಆಗಿಂದ ನನ್ನ ಪುಟ್ಟಿ ಅಂತಲೇ ಕರೆಯೋದು. ಬಸ್ಸಿನ ಮೈಗೆ ನನ್ನ ಮಗಳು ಫ್ರಿಜ್ಜಿನ ಮೇಲಿದ್ದ ಆಮೆ ಮ್ಯಾಗ್ನೆಟ್ ಅಂಟಿಸ್ತಾ ಹೋದಾಗ ಅದು ಎಷ್ಟೋ ಕಡೆ ಹಿಡೀದೇ ಕೆಳಗೆ ಬೀಳ್ತಿತ್ತು. ತಗಡಿದ್ರೆ ತಾನೇ ಹಿಡಿಯೋದು, ತುಕ್ಕು ತಿಂದ ತೂತಿನ ಮೇಲೆ ಯಾರೋ ದಪ್ಪಕ್ಕೆ ಪುಟ್ಟಿ ಮೆತ್ತಿ ಬಣ್ಣ ಹೊಡೆದಿದ್ರು. "ಅಮ್ಮಾ, ಬಸ್ಸು ತುಂಬಾ ಪುಟ್ಟಿ" ಅಂದ್ಲು ಮಗಳು. ಭಾವ ಮೊದಲ ಸಲ ಬಸ್ಸಿನ ವಿಷಯಕ್ಕೆ ನಕ್ಕಿದ್ದು ಆವತ್ತು. "ಮನೇಲಿ ಒಂದಿರೋದೇ ಸಾಕಾಗಿತ್ತು."

ತುಕ್ಕಿನ ಬಗ್ಗೆ ಸ್ವಲ್ಪ ಹೇಳಬೇಕು, ಇಲ್ದಿದ್ರೆ ಆ ರಾತ್ರಿ ಅರ್ಥ ಆಗಲ್ಲ. ಬಾಗಿಲ ಕೆಳಗೆ ಉದ್ದಕ್ಕೂ ಹೋಗೋ ಸಿಲ್ಲಿದೆಯಲ್ಲ, ಅದು ಒಂದೇ ತಗಡಲ್ಲ, ಒಳಗೊಂದು ಹೊರಗೊಂದು ಸೇರಿ ಆಗಿರೋ ಕೊಳವೆ ಥರದ್ದು. ನೀರು ಒಳಗೆ ಹೋದ್ರೆ ಆಚೆ ಬರೋಕೆ ದಾರಿ ಕಮ್ಮಿ, ಒಳಗಿಂದಾನೇ ತಿಂತಾ ಬರುತ್ತೆ. ಕಬ್ಬಿಣಕ್ಕಿಂತ ತುಕ್ಕು ಜಾಸ್ತಿ ಜಾಗ ಕೇಳುತ್ತೆ, ಅದಕ್ಕೇ ಎರಡು ತಗಡು ಕೂಡೋ ಕಡೆ ಉಬ್ಬಿ ಬಾಯಿ ಬಿಡೋದು. ಬಲಗಡೆ ಸಿಲ್ಲನ್ನ ಸ್ಕ್ರೂಡ್ರೈವರ್‌ನಿಂದ ಚುಚ್ಚಿದ್ರೆ ಹಿಡಿ ತನಕ ಒಳಗೆ ಹೋಯ್ತು. ಕತ್ತರಿಸಿ ತೆಗೆದ್ರೆ ಒಳಗೆ ಪೂರ್ತಿ ಸ್ಪಂಜು, ಹಳೇ ಸೀಟಿನ ಸ್ಪಂಜು, ತುರುಕಿ ತುರುಕಿ ತುಂಬಿದ್ರು. ಪುಟ್ಟಿ ನಿಲ್ಲೋಕೆ ಹಿಂದೆ ಏನಾದ್ರೂ ಬೇಕಲ್ಲ, ಅದಕ್ಕೆ. ಅದು ನೀರು ಕುಡಿದು ಕುಡಿದು ಉಳಿದಿದ್ದ ತಗಡನ್ನೂ ಮುಗಿಸಿತ್ತು. ಎಲ್ಲಾ ಕಿತ್ತು ಹೊಸ ತಗಡು ಹಾಕಿದೆ. ಎಡಗಡೆ ಮ್ಯಾಗ್ನೆಟ್ ಹಿಡೀತು, ಗಟ್ಟಿಯಾಗೇ ಹಿಡೀತು, ಹಾಗಾಗಿ ಆ ಕಡೆ ಚೆನ್ನಾಗಿದೆ, ಅಲ್ಲಿ ಇಲ್ಲಿ ಪ್ಯಾಚ್ ಹಾಕಿದ್ರೆ ಸಾಕು ಅಂದ್ಕೊಂಡೆ.

ನಾನು ಎಡಗಡೆ ವೆಲ್ಡಿಂಗ್‌ಗೆ ರೆಡಿ ಮಾಡ್ಕೊಳ್ತಿದ್ದಾಗ ಭಾವ ಯಾವುದೋ ಕಾಗದ ಕೊಡೋಕೆ ಬಂದಿದ್ರು. ಸ್ವಲ್ಪ ಹೊತ್ತು ನಿಂತು ನೋಡಿ ಕೇಳಿದ್ರು, "ಆ ಕಡೆ ಸ್ಪಂಜ್ ಇತ್ತಲ್ಲ ಪುಟ್ಟಿ, ಈ ಕಡೆ ಇಲ್ವಾ?"

"ಇಲ್ಲ ಭಾವ, ಈ ಕಡೆ ಮ್ಯಾಗ್ನೆಟ್ ಹಿಡೀತಿದೆ."

"ಒಳಗೆ ನೋಡಿದ್ಯಾ?"

ರೇಡಿಯೇಟರ್ ಕೇಳಿದವರಲ್ವಾ ಇವರು. ನಾನು ಉತ್ತರಾನೂ ಕೊಡದೆ ನಕ್ಕು, ವೆಲ್ಡಿಂಗ್ ಹೆಲ್ಮೆಟ್ ಮುಖದ ಮೇಲೆ ಎಳ್ಕೊಂಡೆ.

ಎಡಗಡೆ ಯಾರೋ ಕೊಳೆತ ತಗಡಿನ ಮೇಲೇ ಇನ್ನೊಂದು ತಗಡು ಹೊದಿಸಿದ್ರು. ಮ್ಯಾಗ್ನೆಟ್ ಹಿಡಿದಿದ್ದು ಅದನ್ನ. ಹಿಂದೆ ಅದೇ ಸ್ಪಂಜು. ನಾನು ಪುಸ್ತಕದಲ್ಲಿರೋದೆಲ್ಲಾ ಮಾಡಿದ್ದೆ, ಬ್ಯಾಟರಿ ತೆಗೆದಿದ್ದೆ, ಪೆಟ್ರೋಲ್ ಟ್ಯಾಂಕ್ ಬಿಚ್ಚಿ ಶೆಡ್ಡಿಂದ ದೂರ ಇಟ್ಟಿದ್ದೆ (ಖಾಲಿ ಟ್ಯಾಂಕೇ ಇನ್ನೂ ಅಪಾಯ, ಒಳಗೆ ಆವಿ ನಿಂತಿರುತ್ತೆ), ಒಂದೇ ಕಡೆ ಉದ್ದಕ್ಕೆ ಎಳೀದೆ ಇಂಚಿಗೊಂದು ಚುಕ್ಕಿ ಹಾಕಿ ಆರೋಕೆ ಬಿಟ್ಟು ಬಿಟ್ಟು ಮಾಡಿದ್ದೆ, ಮುಗಿದ ಮೇಲೆ ಅರ್ಧ ಗಂಟೆ ಕೂತು ಕಾದಿದ್ದೆ. ಹೊಗೆ ಇಲ್ಲ, ವಾಸನೆ ಇಲ್ಲ. ಬಾಗಿಲು ಹಾಕಿ ಬಂದೆ. ಸ್ಪಂಜಿಗೆ ಕಿಡಿ ತಾಗಿದ್ರೆ ಧಗ್ ಅಂತ ಹತ್ಕೋಬೇಕು ಅಂತೇನಿಲ್ಲ, ಗಾಳಿ ಕಮ್ಮಿ ಇರೋ ಕಡೆ ಬೂದಿ ಮುಚ್ಚಿದ ಕೆಂಡದ ಹಾಗೆ ಒಳಗೊಳಗೇ ಗಂಟೆಗಟ್ಟಲೆ ತಿಂತಾ ಹೋಗುತ್ತೆ.

ರಾತ್ರಿ ಹತ್ತೂವರೆಗೆ ಬೆಂಕಿ ಎದ್ದು ಏನಾಯ್ತು, ನನ್ನ ಕೈಗೆ ಏನಾಯ್ತು, ಆಸ್ಪತ್ರೆ, ಅದೆಲ್ಲಾ ನಿಮಗೆ ಗೊತ್ತು. ನಿಮಗೆ ಗೊತ್ತಿಲ್ಲದೇ ಇರೋದು ಇದು. ಶೆಡ್ಡಿನ ಪಕ್ಕದ ಗೋಡೆಯಲ್ಲಿರೋದು ಮಗಳ ರೂಮಿನ ಕಿಟಕಿ. ಸೆಕೆ ಅಂತ ಅದನ್ನ ತೆರೆದು ಮಲಗಿಸಿದ್ದು ನಾನೇ. ಅವಳನ್ನ ಎತ್ಕೊಂಡು ಆಚೆ ಬಂದಾಗ ಅವಳ ಕೂದಲಲ್ಲಿ ಆ ಸುಟ್ಟ ಸ್ಪಂಜಿನ ವಾಸನೆ ಇತ್ತು. ನಮ್ಮನೆಯವರು ಊರಲ್ಲಿರಲಿಲ್ಲ. ಒಂದು ಹಳೇ ಡಬ್ಬಕ್ಕೋಸ್ಕರ ನಾನು ನನ್ನ ಮಗೂನ... ಈ ವಾಕ್ಯ ಮುಗಿಸೋಕೆ ಇವತ್ತಿಗೂ ಆಗ್ತಿಲ್ಲ, ಹಾಗೇ ಬಿಡ್ತೀನಿ.

ಅಕ್ಕ ಬಂದು ಮಗಳನ್ನ ಅವರ ಮನೆಗೆ ಕರ್ಕೊಂಡು ಹೋದ್ಲು. ಭಾವ ನನ್ನ ಆಸ್ಪತ್ರೆಗೆ ಕರ್ಕೊಂಡು ಹೋಗಿ ಕೈಗೆ ಕಟ್ಟು ಹಾಕಿಸಿ ವಾಪಸ್ ಕರ್ಕೊಂಡು ಬಂದ್ರು. ಫೈರ್ ಎಂಜಿನ್ನವರು ಹೊರಡೋ ಮುಂಚೆ ಇವರ ಹತ್ರ ಹೇಳಿದ್ರಂತೆ, ಸ್ಪಂಜ್ ಬೆಂಕಿ ಆರಿದ ಹಾಗೆ ಕಂಡ್ರೂ ನಂಬಬೇಡಿ, ಒಳಗೆಲ್ಲಾದ್ರೂ ಉಳಿದಿದ್ರೆ ಮತ್ತೆ ಎದ್ದೇಳುತ್ತೆ, ರಾತ್ರಿಯೆಲ್ಲಾ ತಗಡು ಮುಟ್ಟಿ ನೋಡ್ತಿರಿ, ಬಿಸಿ ಏರ್ತಿದೆ ಅನಿಸಿದ್ರೆ ತಕ್ಷಣ ಫೋನ್ ಮಾಡಿ ಅಂತ. ಬೇರೆ ಯಾರಾದ್ರೂ ಆಗಿದ್ರೆ ಆಗಾಗ ಎದ್ದು ನೋಡ್ತಿದ್ರು. ಇವರು ಮಗಳ ಗಣಿತದ ನೋಟ್‌ಬುಕ್ ತಗೊಂಡು, ಹಿಂದಿನ ಪುಟದಲ್ಲಿ ಸ್ಕೇಲ್ ಇಟ್ಟು ಗೆರೆ ಎಳೆದು, ಕಾಲಂ ಹಾಕಿದ್ರು. ಸಮಯ, ಜಾಗ, ಷರಾ. ಒಂದು ಪ್ಲಾಸ್ಟಿಕ್ ಕುರ್ಚಿ, ಒಂದು ಬಕೆಟ್ ನೀರು, ಒಂದು ಟಾರ್ಚು. ಹತ್ತು ನಿಮಿಷಕ್ಕೊಂದು ಸಲ ಎದ್ದು, ಅಂಗೈಯ ಹಿಂಬದಿಯಿಂದ ಸಿಲ್ಲನ್ನ ಆರು ಕಡೆ ಮುಟ್ಟಿ, ವಾಪಸ್ ಬಂದು ಬರೆಯೋದು.

ಆ ಪುಸ್ತಕ ನನ್ನ ಹತ್ರ ಇದೆ.

1.10 – ಎಡ, ಮುಂದೆ – ಬೆಚ್ಚಗೆ.
1.20 – ಎಡ, ಮುಂದೆ – ಬೆಚ್ಚಗೆ.
1.30 – ಎಡ, ಮುಂದೆ – ಸ್ವಲ್ಪ ಜಾಸ್ತಿ. ನೀರು ಹಾಕಿದೆ.
1.40 – ತಣ್ಣಗೆ.
…
2.10 – ಎಲ್ಲಾ ಕಡೆ ತಣ್ಣಗೆ. ಪುಟ್ಟಿ ಅಳುತ್ತಿದ್ದಾಳೆ.
2.20 – ಎಲ್ಲಾ ಕಡೆ ತಣ್ಣಗೆ.

ಬೆಳಗ್ಗೆ ಆರೂ ಹತ್ತರ ತನಕ ಹೀಗೇ ಇದೆ, ಒಂದು ಸಾಲೂ ತಪ್ಪಿಲ್ಲ. ಎರಡು ಹತ್ತಕ್ಕೆ ನಾನು ಅಳ್ತಿದ್ದೆ ಅನ್ನೋದು ನನಗೇ ನೆನಪಿಲ್ಲ, ಲೆಕ್ಕದಲ್ಲಿದೆ ಅಂದಮೇಲೆ ಅತ್ತಿರ್ತೀನಿ. ನಡುವೆ ಯಾವಾಗಲೋ ನಾನು, ಭಾವ ನಾಳೆ ಗುಜರಿಯವರಿಗೆ ಫೋನ್ ಮಾಡಿಬಿಡಿ, ನಂಗೆ ಇದರ ಮುಖ ನೋಡೋಕೂ ಇಷ್ಟ ಇಲ್ಲ ಅಂದೆ. ಅವರು "ಬೆಳಕಾಗಲಿ, ನೋಡೋಣ" ಅಂದ್ರು ಅಷ್ಟೇ.

ನಾನು ಕಾಯ್ತಾನೇ ಇದ್ದೆ. ಆ ರಾತ್ರಿ, ಮಾರನೇ ದಿನ, ಆಮೇಲೆ ಎಷ್ಟೋ ತಿಂಗಳು. ನಾನು ಆವತ್ತೇ ಕೇಳಿರಲಿಲ್ವಾ, ಒಳಗೆ ನೋಡಿದ್ಯಾ ಅಂತ ಕೇಳಿರಲಿಲ್ವಾ ಅಂತ ಒಂದು ಮಾತು ಬರುತ್ತೆ ಅಂತ. ಹಾಗೆ ಕೇಳೋ ಪೂರ್ತಿ ಹಕ್ಕು ಅವರಿಗಿತ್ತು. ಕೇಳಲಿಲ್ಲ. ಅಕ್ಕನ ಹತ್ರಾನೂ ಹೇಳಿಲ್ಲ, ವಿಚಾರಿಸಿದೀನಿ. ಇದನ್ನ ಓದಿದಾಗಲೇ ಅಕ್ಕನಿಗೆ ಗೊತ್ತಾಗೋದು. ರಾತ್ರಿ ನಿದ್ದೆ ಕೆಟ್ಟಿದ್ದಕ್ಕೂ ನಾನು ಋಣಿನೇ ಭಾವ, ಆದ್ರೆ ಆಡದೇ ಉಳಿಸಿಕೊಂಡ ಆ ಮಾತಿದೆಯಲ್ಲ, ಅದರ ಋಣ ನಾನು ಯಾವ ಕಾಲಂನಲ್ಲಿ ಬರೀಲಿ?

ಆಮೇಲೆ ಐದು ತಿಂಗಳು ನಾನು ಶೆಡ್ಡಿನ ಬೀಗ ತೆಗೀಲಿಲ್ಲ. ಒಂದು ಭಾನುವಾರ ಹಳೇ ಪ್ಯಾಂಟು ಹಾಕ್ಕೊಂಡು ಭಾವ ಬಾಗಿಲಲ್ಲಿ ನಿಂತಿದ್ರು, "ಇವತ್ತು ಏನು ಬಿಚ್ಚೋದು?" ಆವತ್ತಿಂದ ಹೆಚ್ಚುಕಮ್ಮಿ ಪ್ರತಿ ಭಾನುವಾರ. ಸ್ಪ್ಯಾನರ್ ಹಿಡಿಯೋಕೆ ಇವತ್ತಿಗೂ ಸರಿಯಾಗಿ ಬರಲ್ಲ (ಕ್ಷಮಿಸಿ ಭಾವ), ಎರಡು ಸಲ ಬೋಲ್ಟ್ ತಲೆ ಸವೆಸಿ ಕೂತಿದ್ರು. ಆದ್ರೆ ಬಿಚ್ಚಿದ ಪ್ರತಿ ಬೋಲ್ಟಿಗೂ ಒಂದು ಕವರ್, ಕವರ್ ಮೇಲೆ ನಂಬರ್, ನಂಬರಿಗೆ ಪುಸ್ತಕದಲ್ಲಿ ಒಂದು ಸಾಲು. ನನ್ನ ಸಿಸ್ಟಮ್ಮು ಎಲ್ಲಾನೂ ಒಂದೇ ಡಬ್ಬಕ್ಕೆ ಹಾಕೋದಾಗಿತ್ತು. ಕೊನೆಗೆ ಜೋಡಿಸೋವಾಗ ಒಂದೇ ಒಂದು ವಾಷರ್ ಮಿಕ್ಕಿತು, ಅದು ಎಲ್ಲಿದು ಅಂತ ಅವರು ಒಂದು ವಾರ ಒದ್ದಾಡಿದ್ರು, ಆಮೇಲೆ ನೋಡಿದ್ರೆ ಅದು ನಮ್ಮ ಹೊಲಿಗೆ ಮಷೀನಿಂದು. ಮತ್ತೆ ಎಡಗಡೆ ಸಿಲ್ಲನ್ನ ಪೂರ್ತಿ ಕತ್ತರಿಸಿದಾಗ, ಟಾರ್ಚ್ ಹಿಡಿದು ಮೊದಲು ಒಳಗೆ ಇಣುಕಿದ್ದು ಅವರೇ. ನಾನು ಹೆಲ್ಮೆಟ್ ಕೈಯಲ್ಲಿ ಹಿಡ್ಕೊಂಡು ಕಾದೆ. "ಖಾಲಿ" ಅಂದ್ರು. ಆಮೇಲೇ ಶುರು ಮಾಡಿದೆ.

ಎಂಜಿನ್ ಸ್ಟಾರ್ಟ್ ಮಾಡಿದ ದಿನ ಎರಡೂವರೆ ಲೀಟರ್ ಆಯಿಲ್ ಹಾಕಿ, ಪ್ಲಗ್ ಬಿಚ್ಚಿ ಆಯಿಲ್ ಲೈಟ್ ಆರೋ ತನಕ ಸುಮ್ಮನೆ ತಿರುಗಿಸಿ, ವಾಲ್ವ್ ಸಂದು 0.15 ಮಿಲಿಮೀಟರ್ ಇದೆ ಅಂತ ಮತ್ತೆ ಅಳೆದು, ಎಲ್ಲಾ ಮುಗಿಸಿ ಕೀ ತಿರುಗಿಸಿದ್ರೆ ಢಬ್ ಅಂತ ಹಿಂದಿನಿಂದ ಒಂದು ಸದ್ದು, ಅಷ್ಟೇ. ನನ್ನ ಕೈ ನಡುಗೋಕೆ ಶುರುವಾಯ್ತು, ಆ ರಾತ್ರಿದೇ ನೆನಪು. ಮಗಳು ಹಿಂದೆ ನಿಂತು, "ಅಮ್ಮಾ, ಒಂದು ನಾಲ್ಕು ಮೂರು ಎರಡು ಅಂದಿದ್ದೆ, ಒಂದು ಎರಡು ಮೂರು ನಾಲ್ಕು ಹಾಕಿದೀಯ" ಅಂದ್ಲು. ಪ್ಲಗ್ಗಿನ ವೈರು. ಫೈರಿಂಗ್ ಆರ್ಡರ್, ಅಂದ್ರೆ ಸಿಲಿಂಡರ್‌ಗಳು ಒಂದಾದ ಮೇಲೊಂದು ಉರಿಯೋ ಕ್ರಮ, ಅದನ್ನ ಅವಳಿಗೆ ಹಾಡಿನ ಥರ ಕಲಿಸಿದವಳು ನಾನೇ. ಬದಲಾಯಿಸಿ ಹಾಕಿದ ಮೇಲೆ ಮೂರನೇ ಸಲಕ್ಕೆ ಹಿಡೀತು, ಆ ಟರ್ ಟರ್ ಸದ್ದು ನೀವೆಲ್ಲಾ ವಿಡಿಯೋದಲ್ಲಿ ಕೇಳಿದ್ದೇ. ವಿಡಿಯೋದಲ್ಲಿ ಇಲ್ಲದೇ ಇರೋದು, ಎಲ್ಲರೂ ಚಪ್ಪಾಳೆ ಹೊಡೀತಿರೋವಾಗ ಭಾವ ಹಿಂದೆ ಹೋಗಿ ಎಂಜಿನ್ ಸುತ್ತ ತಗಡನ್ನ ಅಂಗೈಯ ಹಿಂಬದಿಯಿಂದ ಮುಟ್ಟಿ ಮುಟ್ಟಿ ನೋಡ್ತಿದ್ದಿದ್ದು.

ಇನ್ನೂ ಪೂರ್ತಿ ಮುಗಿದಿಲ್ಲ. ಸಿಲ್ ಕತ್ತರಿಸೋ ಮುಂಚೆ ಬಾಗಿಲ ಜಾಗಕ್ಕೆ ಅಡ್ಡಪಟ್ಟಿ ವೆಲ್ಡ್ ಮಾಡಿ ಬಿಗಿ ಮಾಡ್ಬೇಕಿತ್ತು, ಎಡಗಡೆ ಅವಸರಕ್ಕೆ ಅದನ್ನ ಮಾಡದೇ ಬಿಟ್ಟಿದ್ದೆ, ಮೈ ಒಂಚೂರು ಜೋತುಬಿದ್ದಿದೆ, ಹಾಗಾಗಿ ಜಾರುಬಾಗಿಲು ಕೊನೇ ಒಂದಿಂಚು ಮುಚ್ಚಲ್ಲ. ಮೊನ್ನೆ ಸುತ್ತು ಹೊಡೆದಾಗ ಭಾವ ಒಳಗೆ ಕೂತು ಅದನ್ನ ಹಗ್ಗ ಕಟ್ಟಿ ಹಿಡ್ಕೊಂಡಿದ್ರು. ವಾಪಸ್ ಬಂದು ಇಳಿದವರೇ ಜೇಬಿಂದ ಪೆನ್ ತೆಗೆದು, ಆ ಗಣಿತದ ನೋಟ್‌ಬುಕ್ಕಲ್ಲಿ ಆವತ್ತಿನ ಪುಟಕ್ಕೆ ಗೆರೆ ಎಳೆದು ಬರೆದ್ರು:

8.05 – ಎಂಜಿನ್ – ಸರಿ. ಬ್ರೇಕು – ಸರಿ. ಸಿಲ್, ಎರಡೂ ಕಡೆ – ತಣ್ಣಗೆ. ಬಾಗಿಲು – ಬಾಕಿ.