ಫೈಲಿನಲ್ಲಿ ತಪ್ಪೇನಿದೆ ಅಂತ ಹೇಳಿಸಿ: ನಮ್ಮ ಶಾಸಕರಿಗೊಂದು ಬಹಿರಂಗ ಪತ್ರ

ರಾಯಚೂರು ಜಿಲ್ಲೆಯ ನಮ್ಮ ಶಾಸಕರಿಗೆ ನಮಸ್ಕಾರಗಳು.

ನಾನು ಸಿಂಧನೂರಿನಲ್ಲಿ ಆನ್‌ಲೈನ್ ಸೆಂಟರ್ ಇಟ್ಟುಕೊಂಡಿದ್ದೇನೆ. ಜೆರಾಕ್ಸ್, ಸ್ಕ್ಯಾನ್, ಅರ್ಜಿ ತುಂಬುವುದು ನನ್ನ ಹೊಟ್ಟೆಪಾಡು. ನೌಕರಿ ಅರ್ಜಿಯ ಪೋರ್ಟಲ್ ಕಾರಣ ಹೇಳದೆ ಫೈಲ್ ವಾಪಸ್ ಕಳಿಸುವ ತೊಂದರೆಯನ್ನು ಎರಡು ವರ್ಷದಿಂದ ನುಂಗಿಕೊಂಡು ಬಂದಿದ್ದೆ. ಹೋದ ತಿಂಗಳು ನಡೆದದ್ದನ್ನು ನೋಡಿದ ಮೇಲೆ ಸುಮ್ನೆ ಕೂರಲು ಆಗಲಿಲ್ಲ.

ತುರ್ವಿಹಾಳದ ಕಡೆಯ ಹುಡುಗಿಯೊಬ್ಬಳು ನೌಕರಿ ಅರ್ಜಿ ಹಾಕಲು ಬಂದಿದ್ದಳು. ಅವತ್ತೇ ಕೊನೆಯ ದಿನ. ಕಲ್ಯಾಣ ಕರ್ನಾಟಕದವರಿಗೆ ನೌಕರಿ ಮೀಸಲಾತಿಗೆ ಬೇಕಾಗುವ 371ಜೆ ಪ್ರಮಾಣಪತ್ರ ಕೈಗೆ ಸಿಕ್ಕಿದ್ದೇ ಮಧ್ಯಾಹ್ನ. ಜೊತೆಗೆ ಅವಳ ಅಪ್ಪ, ಭತ್ತದ ಗದ್ದೆಯಿಂದ ನೇರವಾಗಿ ಬಂದವರು. ಧೋತರದ ಅಂಚಿನ ಕೆಸರು ಇನ್ನೂ ಹಸಿಯಾಗಿತ್ತು.

ಪ್ರಮಾಣಪತ್ರ ಸ್ಕ್ಯಾನ್ ಮಾಡಿ ಹಾಕಿದೆ. ‘ಇನ್‌ವ್ಯಾಲಿಡ್ ಫೈಲ್’ ಅಂತ ಬಂತು. ಸೈಜ್ ಇಳಿಸಿದೆ, ಅದೇ ಮಾತು. ಬ್ರೌಸರ್ ಬದಲಿಸಿದೆ, ಮತ್ತೆ ಸ್ಕ್ಯಾನ್ ಮಾಡಿದೆ, ಅದೇ ಮಾತು. ಸಹಾಯವಾಣಿ ಸಂಜೆಗೇ ಬಂದ್. “ಅಣ್ಣಾ, ಇನ್ನೊಂದ್ ಸಲ ನೋಡ್ರಿ” ಅಂತ ಹುಡುಗಿ ಕೇಳುತ್ತಲೇ ಇದ್ದಳು. ರಾತ್ರಿ ಹನ್ನೆರಡಕ್ಕೆ ಪುಟ ಮುಚ್ಚಿತು. ಅವಳ ಅಪ್ಪ ಎದ್ದು ನಿಂತು “ಎಷ್ಟಾತ್ರಿ?” ಅಂತ ದುಡ್ಡು ತೆಗೆದರು. ನಾನು ತಗೊಳ್ಳಲಿಲ್ಲ.

ಕಾರಣ ಗೊತ್ತಾಗಿದ್ದು ಮರುದಿನ. ನನ್ನ ಸ್ಕ್ಯಾನರ್ ಫೈಲಿನ ಹೆಸರಿನ ಕೊನೆಗೆ ‘ಪಿಡಿಎಫ್’ ಅಂತ ಕ್ಯಾಪಿಟಲ್ ಅಕ್ಷರದಲ್ಲಿ ಬರೆಯುತ್ತದೆ. ಪೋರ್ಟಲ್‌ಗೆ ಸೇರಿಸಿರುವ ಅಪ್‌ಲೋಡ್ ಪ್ಲಗಿನ್, ಅಂದರೆ ಫೈಲ್ ತಗೊಳ್ಳುವ ಸಣ್ಣ ಪ್ರೋಗ್ರಾಂ, ಸ್ಮಾಲ್ ಅಕ್ಷರ ಮಾತ್ರ ಒಪ್ಪುತ್ತದೆ. ವಿಂಡೋಸ್ ಈ ಕೊನೆಯ ಅಕ್ಷರಗಳನ್ನು ಮೊದಲಿಂದಲೂ ಮುಚ್ಚಿಟ್ಟಿರುತ್ತದೆ, ನಾವೇ ಸೆಟ್ಟಿಂಗ್ ಬದಲಿಸಿದರೆ ಮಾತ್ರ ಕಾಣುತ್ತದೆ. ಅದೇ ಪೋರ್ಟಲಿನ ಇನ್ನೊಂದು ಅರ್ಜಿಗೆ ಹೆಸರು ತಿದ್ದಿ ಹಾಕಿದೆ. ಒಂದೇ ಸಲಕ್ಕೆ ಹೋಯಿತು. ಮೂರು ಅಕ್ಷರ, ಸ್ವಾಮಿ! ಬರೀ ಮೂರು ಅಕ್ಷರಕ್ಕೆ ಆ ಹುಡುಗಿಯ ಅರ್ಜಿ ಹೋಯಿತು.

ಇದಕ್ಕೆ ಉಲ್ಟಾ ಆಗಿದ್ದನ್ನೂ ನೋಡಿದ್ದೇನೆ. ಒಬ್ಬ ಹುಡುಗ ಮೊಬೈಲ್ ಫೋಟೋದ ಹೆಸರನ್ನೇ ಪಿಡಿಎಫ್ ಅಂತ ತಿದ್ದಿ ಹಾಕಿದ್ದ. ಪ್ಲಗಿನ್ ತಕರಾರಿಲ್ಲದೆ ತಗೊಂಡಿತು. ಪರಿಶೀಲನೆ ವೇಳೆ ಫೈಲ್ ತೆರೆಯಲಿಲ್ಲ, ಅರ್ಜಿ ತಿರಸ್ಕಾರವಾಯಿತು. ಅಂದರೆ ಇದು ಹೆಸರು ನೋಡುತ್ತದೆ, ಒಳಗೇನಿದೆ ಅಂತ ನೋಡುವುದಿಲ್ಲ. ನಿಜವಾದ ಪಿಡಿಎಫ್ ಫೈಲಿನ ಶುರುವಿನಲ್ಲೇ ಶೇಕಡಾ ಗುರುತು, ಅದರ ಪಕ್ಕ ಪಿಡಿಎಫ್ ಅಂತ ಇರುತ್ತದೆ. ನೋಟ್‌ಪ್ಯಾಡಿನಲ್ಲಿ ತೆರೆದರೂ ಕಾಣುತ್ತದೆ. ಸರ್ವರ್ ಅಷ್ಟನ್ನಾದರೂ ನೋಡಬೇಕಲ್ವಾ? ಹೆಸರು ನಂಬಿ ಏನು ಬಂದರೂ ಒಳಗೆ ಬಿಟ್ಟರೆ ಸರ್ವರ್‌ಗೂ ಅಪಾಯ.

ಸೈಜಿನ ಗೋಳು ಬೇರೆ. ಪುಟದಲ್ಲಿ 5 ಎಂಬಿ ತನಕ ಅಂತ ಬರೆದಿದ್ದಾರೆ. 2 ಎಂಬಿ ದಾಟಿದರೆ ಮತ್ತದೇ ‘ಇನ್‌ವ್ಯಾಲಿಡ್ ಫೈಲ್’. ವೆಬ್‌ಸೈಟ್ ಕಟ್ಟಲು ಬಳಸುವ ಪಿಎಚ್‌ಪಿ ಅನ್ನುವ ಪ್ರೋಗ್ರಾಂ ಭಾಷೆಯಲ್ಲಿ ಯಾರೂ ಸೆಟ್ಟಿಂಗ್ ಮುಟ್ಟದಿದ್ದರೆ ಒಂದು ಫೈಲಿಗೆ 2 ಎಂಬಿಯೇ ಮಿತಿ. ಇಲ್ಲೂ ಹಾಗೇ ಆಗಿರಬೇಕು ಅಂತ ನನ್ನ ಅನುಮಾನ.

371ಜೆ ಯಾಕೆ ಬಂತು ಅಂತ ನಿಮಗೆ ನಾನು ಹೇಳಬೇಕಿಲ್ಲ. 2012ರ ಸಂವಿಧಾನ ತಿದ್ದುಪಡಿಗಾಗಿ ಈ ಭಾಗದ ಜನ ಎಷ್ಟು ವರ್ಷ ಬೀದಿಗಿಳಿದರು ಅನ್ನುವುದೂ ನಿಮಗೆ ಗೊತ್ತು. ಹಾಗೆ ಸಿಕ್ಕ ಮೀಸಲಾತಿ ಅಪ್‌ಲೋಡ್ ಬಟನ್ ಹತ್ತಿರ ಬಂದು ನಿಂತುಬಿಟ್ಟರೆ ನಮಗೆ ಸಿಕ್ಕಿದ್ದೇನು?

ಫೈಲಿನಲ್ಲಿ ತಪ್ಪೇನಿದೆ ಅಂತ ಆ ಪುಟ ಕನ್ನಡದಲ್ಲಿ ಹೇಳಲಿ. ಸೈಜ್ ಜಾಸ್ತಿಯಾದರೆ ಜಾಸ್ತಿ ಅನ್ನಲಿ, ಹೆಸರು ಸರಿಯಿಲ್ಲದಿದ್ದರೆ ಹಾಗನ್ನಲಿ. ಕ್ಯಾಪಿಟಲ್ ಇರಲಿ ಸ್ಮಾಲ್ ಇರಲಿ, ಎರಡನ್ನೂ ತಗೊಳ್ಳಲಿ. ಬಲ್ಲವರಿಗೆ ಇದು ಒಂದು ಸಾಲಿನ ಕೆಲಸ. ಸಹಾಯವಾಣಿಗೆ ನಾಲ್ಕು ಸಲ ಹೇಳಿದ್ದೇನೆ. ನಾಲ್ಕು ಸಲವೂ “ನಿಮ್ಮ ಫೈಲೇ ಸರಿಯಿಲ್ಲ” ಅಂದರು. ಸರಿಯಿಲ್ಲ ಸರಿ, ಏನು ಸರಿಯಿಲ್ಲ? ಅದನ್ನು ಹೇಳಿಸಿ. ನೀವು ಕೇಳಿದರೆ ಅವರು ಉತ್ತರ ಕೊಡಲೇಬೇಕು.

ಆ ಹುಡುಗಿಯಂತೆ ಕೊನೆಯ ದಿನ ಸಿಕ್ಕಿಹಾಕಿಕೊಂಡವರಿಗೆ ಇನ್ನೊಂದು ಅವಕಾಶ ಕೊಡಿಸಿ. ಹೆಸರು ತಿದ್ದಿದ ಅವಳ ಫೈಲ್ ನನ್ನ ಕಂಪ್ಯೂಟರಿನಲ್ಲೇ ಇದೆ. ಪುಟ ತೆರೆದ ದಿನವೇ ಹಾಕುತ್ತೇನೆ.

ಇಂತಿ,
ಸಿಂಧನೂರಿನ ಒಬ್ಬ ಆನ್‌ಲೈನ್ ಸೆಂಟರಿನವ